ಆಯೇರಿಗೆ ಹೋದ ಆಟದ ಡಬ್ಬಿ

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಗದ್ವಾಲದ ಒಂದು ಮದುವೆಯಲ್ಲಿ ಅವರೇ ಮಾಡಿದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದೆ. ಬೀಗರು ಆಯೇರಿ ಮಾಡುತ್ತಿದ್ದರು, ಅಂದರೆ ಬಂದ ನೆಂಟರನ್ನು ಒಬ್ಬೊಬ್ಬರಾಗಿ ಕರೆದು ಕುಂಕುಮ ಹಚ್ಚಿ ಉಡುಗೊರೆ ಕೊಡುತ್ತಿದ್ದರು. ನನ್ನ ಪಾಲಿಗೆ ಬಂದದ್ದು ಕೆಂಪು ರಟ್ಟಿನ ಡಬ್ಬಿ. ಸುತ್ತಲೂ ನಾರಾಯಣಪೇಟೆ ಸೀರೆಯ ದಡಿ ಅಂಟಿಸಿದ್ದರು. ಅಷ್ಟರಲ್ಲಿ ಕಿಸೆಯಲ್ಲಿ ಫೋನು. ಡಬ್ಬಿಯನ್ನು ಕಂಕುಳಿಗೆ ಸೇರಿಸಿ ಎತ್ತಿದರೆ ಅವರ ಅಣ್ಣ. "ತಮ್ಮ ಹೋಗಿಬಿಟ್ಟನಪಾ" ಎಂದು ಫೋನು ಇಟ್ಟರು. ಆಯೇರಿ ಕೊಟ್ಟದ್ದನ್ನು ನೆಲಕ್ಕೆ ಇಡುವಂತಿಲ್ಲ. ಫೋಟೋದವನು ತೆಲುಗಿನಲ್ಲಿ "ಅಂಕುಲ್, ಕೊಂಚಂ ನವ್ವಂಡಿ" ಎಂದ. ನಾನು ನಕ್ಕೆ. ಆ ಫೋಟೋ ಇವತ್ತಿಗೂ ಆ ಬೀಗರ ಆಲ್ಬಮಿನಲ್ಲಿ ಇರಬೇಕು.

ನಾರಾಯಣಪೇಟೆಯ ಒಂದು ಸೀರೆ ಅಂಗಡಿಯಲ್ಲಿ ನನ್ನ ಅರ್ಧ ಆಯುಷ್ಯ ಗಾದಿಯ ಮೇಲೆ ಸೀರೆ ಬಿಚ್ಚಿ ಮಡಚುವುದರಲ್ಲೇ ಕಳೆಯಿತು. ಅಂಗಡಿ ಅಣ್ಣನದು, ಅವರನ್ನು ನಾವು ದೊಡ್ಡ ಸಾವ್ಕಾರ್ರು ಅನ್ನುತ್ತಿದ್ದೆವು. ಈ ಬರಹ ತೀರಿಕೊಂಡ ತಮ್ಮ, ಸಣ್ಣ ಸಾವ್ಕಾರರ ಬಗ್ಗೆ. ಅವರು ರಾಯಚೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿ ಬಂದು, ಸೀರೆ ಮುಟ್ಟುವುದಿಲ್ಲ ಎಂದು ಹಟ ಹಿಡಿದು, ಅಂಗಡಿಯ ಹಿಂದಿನ ಕೋಲಿಯಲ್ಲಿ ಟೀವಿಗೆ ಜೋಡಿಸುವ ವಿಡಿಯೊ ಗೇಮ್ ಡಬ್ಬಿ ತಯಾರಿಸಲು ಕೂತರು. ಬಾಗಿಲ ಮೇಲೆ ತೆಲುಗು, ಕನ್ನಡ ಎರಡರಲ್ಲೂ 'ಕಂಪನಿ' ಎಂದು ಬರೆಸಿದರು. ಕಂಪನಿ ಎಂದರೆ ಅವರು, ಒಂದು ಬೆಸುಗೆ ಕಡ್ಡಿ, ಹೈದರಾಬಾದಿನಿಂದ ತಂದ ಬಿಡಿಭಾಗಗಳ ಎರಡು ಗೋಣಿಚೀಲ. ಮಾರಲು ಒಬ್ಬ ಮನುಷ್ಯ ಬೇಕು ಎಂದಾಗ ಅಣ್ಣ ನನ್ನನ್ನು ಕಡ ಕೊಟ್ಟರು. ಹಾಗೆ ನಾನೂ ಕಂಪನಿಯಾದೆ.

ತಮ್ಮನ್ನು ತಾವು ಅವರು 'ನಾನು' ಅಂದದ್ದನ್ನು ನಾನು ಅಷ್ಟಾಗಿ ಕೇಳಿಲ್ಲ. "ಕಂಪನಿ ವಿಚಾರ ಮಾಡ್ತೈತಿ ಕಾಕಾ" ಅನ್ನುತ್ತಿದ್ದರು. ನೆಗಡಿ ಬಂದರೆ "ಕಂಪನಿಗೆ ಇವತ್ತ ಮೈಯಾಗ ಆರಾಮಿಲ್ಲ." ಅದೇ ಬಾಯಲ್ಲಿ ತಾವು ಮಾಡಿದ ಯಂತ್ರಗಳಿಗೆ ಬಹುವಚನ. ಒಂದು ಡಬ್ಬಿ ಬಿಸಿಯಾಗಿ ನಿಂತರೆ ಬಡಿಯುತ್ತಿರಲಿಲ್ಲ, "ಅವರಿಗೆ ಸ್ವಲ್ಪ ಗಾಳಿ ಬೇಕಾಗೈತಿ" ಎಂದು ಬೀಸಣಿಗೆ ಹಿಡಿದು ಕೂರುತ್ತಿದ್ದರು. ಬೆಸುಗೆ ಹೊಗೆ ಹಣೆಯ ವಿಭೂತಿಗೆ ತಾಗಿ ಕಣ್ಣಲ್ಲಿ ನೀರು ಬಂದರೂ ಒರೆಸಿಕೊಳ್ಳುವುದಿಲ್ಲ. ವ್ಯಾಪಾರ ಹದಗೆಟ್ಟಾಗಲೆಲ್ಲ ಮೇಜಿನ ದಿಕ್ಕು ತಿರುಗಿಸುವುದು ಇನ್ನೊಂದು ಚಟ. ಮೊದಲು ಬೀದಿಗೆ ಮುಖ ಮಾಡಿದ್ದ ಮೇಜು ಆಮೇಲೆ ಸೀರೆ ಅಂಗಡಿಗೆ ಮುಖ ಮಾಡಿತು. ಪ್ರತಿ ಸಲವೂ ಎತ್ತಲು ಒಂದು ತುದಿಯಲ್ಲಿ ಕಂಪನಿ, ಇನ್ನೊಂದು ತುದಿಯಲ್ಲಿ ಕಂಪನಿ.

ಡಬ್ಬಿಯ ಒಳಗಿನ ಆಟ ಅವರದೇ. ಬೇರೆ ಡಬ್ಬಿಗಳಲ್ಲಿ ಹಾರುವ, ಗುಂಡು ಹೊಡೆಯುವ ಆಟಗಳಿದ್ದರೆ ಇವರದರಲ್ಲಿ ನಾರಾಯಣಪೇಟೆಯಿಂದ ಒಂದು ಬಸ್ಸು ಹೊರಡುತ್ತದೆ. ಮಕ್ತಲ್ ದಾಟಿ, ಜುರಾಲ ಅಣೆಕಟ್ಟಿನ ಮೇಲೆ ಕೃಷ್ಣೆಯನ್ನು ದಾಟಿ ಗದ್ವಾಲ ಮುಟ್ಟಬೇಕು. ತೆಲಂಗಾಣ ಬೇಕೆಂದು ದಿನಾ ರಸ್ತೆ ತಡೆ ನಡೆಯುತ್ತಿದ್ದ ಕಾಲ ಅದು. ಹಾಗಾಗಿ ಆಟದಲ್ಲೂ ರಸ್ತೆ ತಡೆ ಇಟ್ಟರು. ಜನ ರಸ್ತೆಯ ಮೇಲೆ ಒಲೆ ಹೂಡಿ ಅಡುಗೆ ಮಾಡುತ್ತಾ ಕೂತಿರುತ್ತಾರೆ. ಗುಂಡಿ ಒತ್ತಿದಷ್ಟು ಹೊತ್ತೂ ಅವರು ಏಳುವುದಿಲ್ಲ. ರಿಮೋಟು ಕೆಳಗಿಟ್ಟು ಸುಮ್ಮನೆ ಕೂತರೆ ಅವರ ಊಟ ಮುಗಿದು ದಾರಿ ಬಿಡುತ್ತಾರೆ.

"ಹುಡುಗ್ರು ಇದನ್ನ ಆಡ್ತಾರೇನ್ರಿ?" ಎಂದು ನಾನು ಕೇಳಿದೆ.

"ಕುಂತ ಮಂದಿ ಮ್ಯಾಲ ಬಸ್ ಹಾಯಿಸಾಕ ಬರ್ತೈತೇನ್ ಕಾಕಾ?"

ಅವರ ಸಂಕಟ ಬೇರೆಯೇ ಇತ್ತು. ಈ ಆಟವನ್ನು ಒಬ್ಬರೂ ಕೊನೆ ಮುಟ್ಟಿಸಿರಲಿಲ್ಲ. ಬಸ್ಸು ಗದ್ವಾಲ ತಲುಪಲು ಒಂದು ಇಡೀ ಮಧ್ಯಾಹ್ನ ಬೇಕು, ನಮ್ಮೂರಲ್ಲಿ ಕರೆಂಟು ಅಷ್ಟು ಹೊತ್ತು ನಿಲ್ಲುತ್ತಿರಲಿಲ್ಲ. ಕರೆಂಟು ಹೋಗಿ ಬಂದ ಮೇಲೆ ಬಸ್ಸು ಮತ್ತೆ ನಾರಾಯಣಪೇಟೆಯ ಸ್ಟ್ಯಾಂಡಿನಲ್ಲೇ. ಆಟ ಸ್ವಲ್ಪ ಗಿಡ್ಡ ಮಾಡಿ ಎಂದರೆ ಅವರಿಗೆ ಸಿಟ್ಟು. "ಗದ್ವಾಲ ಎಲ್ಲೈತೋ ಅಲ್ಲೇ ಐತಿ. ಅದನ್ನ ಮಕ್ತಲ್ ಪಕ್ಕಕ್ಕ ತಂದು ಇಡಾಕ ಕಂಪನಿ ಯಾರು?" ಗದ್ವಾಲದಲ್ಲಿ ಏನಿಟ್ಟಿದ್ದೀರಿ ಎಂದು ಕೇಳಿದರೆ "ಮುಟ್ಟಿ ನೋಡ್ರಿ" ಅನ್ನುವುದು, ಮುಂದೆ ತುಟಿ ಬಿಚ್ಚದಿರುವುದು. ಸಿಕ್ಕವರನ್ನೆಲ್ಲ ಕೇಳುತ್ತಿದ್ದ ಮಾತು ಒಂದೇ: "ಗದ್ವಾಲ ಮುಟ್ಟಿದ್ರೇನ್ರಿ?" ಆಟದ ಸಂಗತಿ ಗೊತ್ತಿಲ್ಲದವರು "ಹೋದ ವಾರ ಹೋಗಿ ಬಂದ್ವಿ" ಎಂದು ಉತ್ತರಿಸುತ್ತಿದ್ದರು. ಅವರ ಮುಖ ಒಂದು ಗಳಿಗೆ ಅರಳಿ ಬಾಡುವುದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಕೋಲಿಯ ಬಗ್ಗೆ ಅಣ್ಣತಮ್ಮಂದಿರಲ್ಲಿ ಒಂದು ಕರಾರು ಇತ್ತು. ಮದುವೆ ಸೀರೆಯ ಮಾಲು ಇಡಲು ಜಾಗವಿಲ್ಲ, ಕೋಲಿ ಖಾಲಿ ಮಾಡು ಎಂದು ದೊಡ್ಡ ಸಾವ್ಕಾರ್ರು ದಿನಾ ಗೊಣಗುತ್ತಿದ್ದರು. ಒಂದು ದಿನ ಜಗಳ ಸಾಕಾಗಿ "ಆತು, ತೆಲಂಗಾಣ ಬರೋತನ ಕೋಲಿ ನಿಂದು. ಬಂದ ಮ್ಯಾಲ ನಂದು" ಎಂದುಬಿಟ್ಟರು. ನಾಲ್ಕು ಜನರ ಎದುರು ಆಡಿದ ಮಾತು. ರಾಜ್ಯ ತಮ್ಮ ಜನ್ಮದಲ್ಲಿ ಬರುವುದಿಲ್ಲ ಎಂಬ ಲೆಕ್ಕದಲ್ಲಿ ಉದಾರವಾದರೋ, ನಾಳೆಯೇ ಬರುತ್ತದೆಂಬ ಲೆಕ್ಕದಲ್ಲೋ, ಇಬ್ಬರನ್ನೂ ಬಲ್ಲ ನನಗೂ ತಿಳಿಯಲಿಲ್ಲ. ತಮ್ಮನಿಗೆ ಮಾತ್ರ ಇದು ವಿಚಿತ್ರವಾಗಿ ಸುತ್ತಿಕೊಂಡಿತು. ರಾಜ್ಯ ಬಂದರೆ ಕರೆಂಟು ಬರುತ್ತದೆ, ಕರೆಂಟು ಬಂದರೆ ಯಾರಾದರೂ ಗದ್ವಾಲ ಮುಟ್ಟುತ್ತಾರೆ ಎಂದು ಅವರು ಗಟ್ಟಿಯಾಗಿ ನಂಬಿದ್ದರು. ಆದರೆ ರಾಜ್ಯ ಬಂದ ದಿನ ಕಂಪನಿಯೇ ಬೀದಿಗೆ ಬೀಳುತ್ತದೆ. ಹಾಗಿದ್ದೂ ಬೆಳಿಗ್ಗೆ ಎದ್ದು ರಸ್ತೆ ತಡೆಗೆ ಹೋಗಿ ಎಲ್ಲರಿಗಿಂತ ಜೋರಾಗಿ "ಜೈ ತೆಲಂಗಾಣ" ಕೂಗಿ, ಬಂದು ಕೋಲಿಯ ಗೋಡೆಯನ್ನು ಒಮ್ಮೆ ಸವರಿ ಕೆಲಸಕ್ಕೆ ಕೂರುತ್ತಿದ್ದರು.

ಮಾರಾಟದ ಮಾತು. ನನಗೆ ಗೊತ್ತಿದ್ದದ್ದು ಸೀರೆ ಮಾರುವುದೊಂದೇ. ತಾಯಂದಿರನ್ನು ಗಾದಿಯ ಮೇಲೆ ಕೂರಿಸಿ, ಚಹಾ ತರಿಸಿ, ಇದ್ದಬದ್ದ ಡಬ್ಬಿಗಳನ್ನೆಲ್ಲ ಮುಂದೆ ಹರವಿ, "ಮೈ ಮೆರೂನು, ಅಂಚು ಸಾಸಿವೆ ಹಳದಿ, ನಿಮಗ ಒಪ್ಪತೈತಿ ಅಕ್ಕಾರ" ಅನ್ನುತ್ತಿದ್ದೆ. ಅವರು ಬೆರಳು ಒದ್ದೆ ಮಾಡಿ ಬಣ್ಣ ಬಿಡುತ್ತದೋ ಎಂದು ಡಬ್ಬಿಯನ್ನು ತಿಕ್ಕಿ ನೋಡುತ್ತಿದ್ದರು. ಅತ್ತೆಗೆ ಬಣ್ಣ ಹಿಡಿಸಲಿಲ್ಲ ಎಂದು ಮರುದಿನ ಬದಲಾಯಿಸಿಕೊಂಡು ಹೋದವರಿದ್ದಾರೆ. ಸೀರೆ ಅಂಗಡಿಯ ರಟ್ಟಿನ ಡಬ್ಬಿಗಳನ್ನೇ ನಾವು ಬಳಸುತ್ತಿದ್ದೆವು, ಅದರ ಮುಚ್ಚಳದ ಒಳಗೆ ಸೀರೆಯ ಚೀಟಿ ಅಂಟಿಸಿಯೇ ಇರುತ್ತಿತ್ತು: ಮೊದಲ ಸಲ ಉಪ್ಪು ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ.

ಕೃಷ್ಣಾ ಕಡೆಯಿಂದ ಒಬ್ಬ ಗೌಡತಿ ಬಂದರು. ಡಬ್ಬಿ ನಡೆಯುತ್ತಿಲ್ಲ. ಬಿಚ್ಚಿ ನೋಡಿದರೆ ಒಳಗೆಲ್ಲ ಉಪ್ಪು ಕಟ್ಟಿ ಬೆಳ್ಳಗಾಗಿದೆ.

"ನೀವು ಚೀಟಿಯಾಗ ಬರದಂಗ ಮಾಡೀವ್ರಿ, ಒಂದು ತಪ್ಪಿಲ್ಲ" ಎಂದರು ಆಕೆ, ಜಗಳಕ್ಕೆ ಸಿದ್ಧವಾಗಿ.

ನಾನು ಗಾದಿಯ ಕೆಳಗೆ ಸೇರಿಕೊಳ್ಳಲು ಜಾಗ ಹುಡುಕುತ್ತಿದ್ದೆ. ಸಣ್ಣ ಸಾವ್ಕಾರ್ರು ಡಬ್ಬಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಬಿಸಿಲಿಗೆ ಹಾಕಿಲ್ಲ ನೋಡ್ರಿ ಕಾಕಾ, ನೆರಳಾಗ ಒಣಗಿಸ್ಯಾರ. ಪ್ಲಾಸ್ಟಿಕ್ ಒಂದಿಷ್ಟೂ ಸೊಟ್ಟ ಆಗಿಲ್ಲ" ಎಂದು ನನಗೆ ಹೇಳಿ, ಆಕೆಗೆ ಕೈಮುಗಿದು ಹೊಸದು ಕೊಟ್ಟು ಕಳಿಸಿದರು. ಕಂಪನಿಯ ಮಾತನ್ನು ಇಷ್ಟು ಶ್ರದ್ಧೆಯಿಂದ ಓದಿದ ಗಿರಾಕಿ ಅವರಿಗೆ ಸಿಕ್ಕಿದ್ದು ಆಕೆ ಒಬ್ಬರೇ. ಹೋಗುವಾಗ ಆಕೆಯನ್ನೂ ಕೇಳಿದರು, ಗದ್ವಾಲ ಮುಟ್ಟಿದಿರಾ ಎಂದು.

ಚಳವಳಿಯ ಹುಡುಗರು ಊರಿನ ಬೋರ್ಡುಗಳ ಮೇಲೆಲ್ಲ 'ಎ.ಪಿ.' ಅಳಿಸಿ 'ಟಿ.ಜಿ.' ಎಂದು ಬಳಿಯುತ್ತಾ ನಮ್ಮ ಕೋಲಿಗೂ ಬಂದರು. ನಮ್ಮ ಬೋರ್ಡಿನಲ್ಲಿ ರಾಜ್ಯದ ಹೆಸರೇ ಇರಲಿಲ್ಲ. ಬಂದ ತಪ್ಪಿಗೆ ಆಟ ಆಡಿ ಹೋಗಿ ಎಂದು ಇವರೇ ಕೂರಿಸಿದರು. ಬಸ್ಸು ಸ್ಟ್ಯಾಂಡಿನಿಂದ ಹೊರಟದ್ದೇ ಒಬ್ಬ ಎದ್ದು ನಿಂತ. "ಅನ್ನಾ, ಬಸ್ಸಿನ ನಂಬರ್ ಎ.ಪಿ. ಐತಲ್ಲ!" ಬಣ್ಣದ ಬ್ರಶ್ಶು ಟೀವಿಯ ತನಕ ಬಂದಿತ್ತು. ಇವರು ಅಡ್ಡ ನಿಂತು, ಎರಡು ದಿನ ಟೈಮು ಬೇಡಿ, ಹಗಲೆಲ್ಲ ಕೂತು ಪ್ರತಿ ಆಟದಲ್ಲೂ ಬಸ್ಸಿನ ನಂಬರನ್ನು ಟಿ.ಜಿ. ಮಾಡಿದರು. ರಾಜ್ಯ ಇನ್ನೂ ಬಂದಿರಲಿಲ್ಲ. ಬಂದ ಮೇಲೆ ಸರ್ಕಾರ 'ಟಿ.ಎಸ್.' ಎಂದು ಇಟ್ಟಿತು. ಅಲ್ಲಿಗೆ ನಮ್ಮ ಬಸ್ಸು ಎರಡನೇ ಸಲ ತಪ್ಪಾಯಿತು.

ಆಟದ ಡಬ್ಬಿಯನ್ನು ಆಯೇರಿಗೆ ಕೊಡಬಹುದು ಎಂದು ಮೊದಲು ಹೊಳೆದದ್ದು ಮಕ್ತಲಿನ ಒಬ್ಬ ಬೀಗರಿಗೆ. ಸೀರೆ ಡಬ್ಬಿಯ ಹಾಗೆ ಕಾಣುತ್ತದೆ, ಎತ್ತಿದರೆ ತೂಕ ಇದೆ. ಆ ಮದುವೆ ಕಾಲದಲ್ಲಿ ನಮಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಸಣ್ಣ ಸಾವ್ಕಾರ್ರು ಮೇಜನ್ನು ಉತ್ತರಕ್ಕೆ ತಿರುಗಿಸಿ, "ಕಂಪನಿ ಇನ್ನ ಕಲ್ಯಾಣ ಲೈನಿನಾಗ ನಡಿತೈತಿ" ಎಂದು ಘೋಷಿಸಿದರು. ಮರುವರ್ಷ ಅದೇ ಕಾಲಕ್ಕೆ ಒಂದು ಡಬ್ಬಿಯೂ ಹೋಗಲಿಲ್ಲ. ಮದುವೆಗಳೇನೋ ಆಗುತ್ತಿದ್ದವು, ಆಯೇರಿಯಲ್ಲಿ ನಮ್ಮ ಡಬ್ಬಿಗಳೂ ಕಾಣುತ್ತಿದ್ದವು. ಕೊಂಡವರು ಮಾತ್ರ ಯಾರೂ ಇಲ್ಲ.

ಮರಿಕಲ್ಲಿನ ಒಂದು ಮದುವೆಯಲ್ಲಿ ಇವರಿಗೆ ಕಾರಣ ಸಿಕ್ಕಿತು. ಡಬ್ಬಿಯ ಮೇಲೆ ಕೊಟ್ಟವರ ಹೆಸರಿನ ಚೀಟಿ ಅಂಟಿಸುತ್ತಾರಲ್ಲ, ಅದರ ಮೂಲೆ ಎದ್ದಿತ್ತು. ಉಗುರಿನಿಂದ ಕಿತ್ತರೆ ಕೆಳಗೆ ಇನ್ನೊಂದು ಮನೆಯ ಹೆಸರು, ಅದರ ಕೆಳಗೆ ಮತ್ತೊಂದು. ನಮ್ಮ ಕಡೆ ಉಡಿ ತುಂಬಿದ ಖಣಗಳು ಯಾರ ಮೈಗೂ ಹೊಲಿಯದೆ ಮನೆಯಿಂದ ಮನೆಗೆ ತಿರುಗುತ್ತವಲ್ಲ, ನಮ್ಮ ಯಂತ್ರಗಳೂ ಆ ಸಾಲಿಗೆ ಸೇರಿದ್ದವು. ಊರೂರು ಸುತ್ತುತ್ತಿದ್ದವು, ಒಂದನ್ನೂ ಯಾರೂ ತೆರೆದಿರಲಿಲ್ಲ.

ಆ ದಿನ ಅವರು ಮಂಟಪದಲ್ಲೇ ಒಬ್ಬ ಮುದುಕಿಯ ಮುಂದೆ ಮಂಡಿಯೂರಿ ಕೂತರು. "ಅಮ್ಮಾ, ತಗೀರಿ ಇದನ್ನ. ಒಳಗ ಬಸ್ಸೈತಿ."

"ಹುಚ್ಚೇನೋ ನಿನಗ?" ಎಂದಳು ಆಕೆ, ಡಬ್ಬಿಯನ್ನು ಸೆರಗಿನಡಿ ಎಳೆದುಕೊಂಡು. "ತಗದ್ರ ಮುಂದ ಯಾರಿಗೆ ಕೊಡಾಕ ಬರ್ತೈತಿ?"

ಅವರು ಎದ್ದು ಮಂಡಿಯ ಧೂಳು ಕೊಡವಿಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಗೆ ಹಣೆ ಹಚ್ಚಿ ಕೂತಿದ್ದರು. "ಒಬ್ಬರರೆ ಆಡಿದ್ರ ನನಗ ಸಾಕಿತ್ತು ಕಾಕಾ" ಎಂದರು. ಅವರು ಕಂಪನಿಯನ್ನು ಮರೆತು ಮಾತಾಡಿದ್ದು ಅವತ್ತು.

ರಾಜ್ಯ ಬಂತು. ಪಟಾಕಿ, ಪೇಡೆ, ಗುಲಾಲು. ಇವರು ಅಡಿಯಿಂದ ಮುಡಿಯವರೆಗೆ ಗುಲಾಬಿ ಬಣ್ಣವಾಗಿ ಕುಣಿದು ಬಂದು, ಅದೇ ಬಣ್ಣದ ಕೈಯಲ್ಲಿ ಕೋಲಿಯ ಸಾಮಾನು ಕಟ್ಟತೊಡಗಿದರು. ಗೋಡೆಯ ಮೇಲೆ, ಮೇಜಿನ ಮೇಲೆ, ಬೆಸುಗೆ ಕಡ್ಡಿಯ ಮೇಲೆ ಅವರ ಗುಲಾಬಿ ಬೆರಳು. ದೊಡ್ಡ ಸಾವ್ಕಾರ್ರು ಬಾಗಿಲಲ್ಲಿ ನಿಂತು ನೋಡಿದರು. ಅವರು ಕೆಟ್ಟವರಲ್ಲ, ವ್ಯಾಪಾರಿ ಅಷ್ಟೆ.

"ನಿನ್ನ ಡಬ್ಬಿ ಛಲೋ ಅದಾವೋ" ಎಂದರು. "ಮಂದಿ ಡಬ್ಬಿನ ಕೇಳಾಕತ್ಯಾರ. ಹಳೆವೆಲ್ಲ ತಿರುಗಿ ತಿರುಗಿ ಹರದಾವ. ನೀ ಡಬ್ಬಿನ ಮಾಡು, ದಡಿ ಹಚ್ಚಿ ಕೊಡು. ಕೋಲಿ ನಿನಗ ಇರ್ಲಿ."

"ಒಳಗ?"

"ಒಳಗೇನು ಬ್ಯಾಡ. ಯಾರು ತಗಿತಾರ?"

"ತೂಕ ಬೇಕಲ್ಲಣ್ಣ."

"ಅರ್ಧ ಇಟ್ಟಂಗಿ ಇಡು, ಅರಬಿ ಸುತ್ತಿ."

ನಾನು ಅವರ ಮುಖ ನೋಡಿದೆ. ಬಿಸಾಕಿ ಹೋಗುತ್ತಾರೆ ಎಂದುಕೊಂಡೆ. ಅವರು ಕೈಯ ಗುಲಾಲು ಕೊಡವಿಕೊಂಡು, "ಆತು. ತೂಕದ ಜವಾಬ್ದಾರಿ ಕಂಪನಿದು" ಎಂದರು. ನಾವಿಬ್ಬರೂ ಮೇಜು ಎತ್ತಿದೆವು. ಈ ಸಲ ಅವರು ಅದನ್ನು ಗೋಡೆಗೆ ಮುಖ ಮಾಡಿ ಇಟ್ಟರು.

ದಡಿ ಅಂಟಿಸಿದ ಆ ಇಟ್ಟಂಗಿ ಡಬ್ಬಿ ಜಿಲ್ಲೆಗೆಲ್ಲ ಹೆಸರಾಯಿತು. ಒಳಗೆ ಇರುವುದು ಇಟ್ಟಿಗೆ ಎಂದು ಕೊಡುವವರಿಗೂ ಗೊತ್ತು, ಇಸಿದುಕೊಳ್ಳುವವರಿಗೂ ಗೊತ್ತು. ಮರ್ಯಾದೆಗೆ ಯಾರೂ ತೆಗೆಯುತ್ತಿರಲಿಲ್ಲ. ಡಬ್ಬಿ ತುಂಬುವ ಕೆಲಸವನ್ನು ಅವರು ಯಾರಿಗೂ ಕೊಡಲಿಲ್ಲ, ಬಾಗಿಲು ಹಾಕಿಕೊಂಡು ತಾವೇ ಮಾಡಿದರು. ನಾಚಿಕೆಗೆ ಇರಬೇಕು ಎಂದುಕೊಂಡು ನಾನೂ ಸೀರೆಯ ಗಾದಿಗೆ ವಾಪಸಾದೆ. ಕಾಲಾಂತರದಲ್ಲಿ ಕರೆಂಟು ದಿನವಿಡೀ ನಿಲ್ಲತೊಡಗಿತು, ಅವರು ನಂಬಿದ್ದಂತೆಯೇ. ಅಷ್ಟರಲ್ಲಿ ಹುಡುಗರ ಕೈಗೆಲ್ಲ ಫೋನು ಬಂದಿತ್ತು. ಎದುರಿಗೆ ಸಿಕ್ಕಾಗ ಮಾತ್ರ ಹಳೆಯ ಪ್ರಶ್ನೆ ಬಿಡಲಿಲ್ಲ. "ಯಾರರೆ ಗದ್ವಾಲ ಮುಟ್ಟಿದ್ರೇನ್ ಕಾಕಾ?" ಇಟ್ಟಂಗಿ ಮಾರುವ ಮನುಷ್ಯ ಇದನ್ನು ಯಾಕೆ ಕೇಳುತ್ತಾರೆ ಎಂದು ನನಗೆ ಪಾಪ ಅನ್ನಿಸುತ್ತಿತ್ತು. "ಇಲ್ರಿ" ಅನ್ನುತ್ತಿದ್ದೆ.

ಸುದ್ದಿ ಬಂದ ದಿನ ಗದ್ವಾಲದಿಂದ ನಾರಾಯಣಪೇಟೆಗೆ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದೆ. ಸೀದಾ ಅವರ ಮನೆಗೆ ಹೋದೆ, ಮಣ್ಣು ಮುಗಿಸಿ ಮನೆಗೆ ಬಂದೆ. ಡಬ್ಬಿ ಕಪಾಟಿನ ಮೇಲೆ ಕೂತಿತು. ಒಂದು ವಾರ ಬಿಟ್ಟು ನನ್ನ ಹೆಂಡತಿ ಅದನ್ನು ಇಳಿಸಿ ಮೇಲಿನ ಚೀಟಿ ಕೀಳತೊಡಗಿದಳು. "ನಾರ್ವದಾಗ ಮದಿವಿ ಐತಲ್ಲ, ಇದನ್ನ ಕೊಟ್ಟುಬಿಡೋಣ್ರಿ."

ನನಗೆ ಯಾಕೋ ರೇಗಿತು. ಇಟ್ಟಂಗಿಯಾದರೂ ಆಗಲಿ, ಅವರ ಕೈಯಿಂದ ಒಳಗೆ ಹೋದ ಇಟ್ಟಂಗಿ, ಮನೆಯಲ್ಲಿರಲಿ ಎಂದು ಕಸಿದು ಮುಚ್ಚಳ ತೆಗೆದೆ. ಒಳಗೆ ಹಳೆಯ ಸೀರೆಯ ತುಂಡು ಸುತ್ತಿದ ಗಂಟು. ಬಿಚ್ಚಿದರೆ ಪ್ಲಾಸ್ಟಿಕ್ಕಿನ ಮೆರೂನು ಮೈ, ಸಾಸಿವೆ ಹಳದಿ ಅಂಚು. ಕಪ್ಪು ರಿಮೋಟು. ಸುರುಳಿ ಮಾಡಿ ದಾರ ಕಟ್ಟಿದ ವಾಯರು.

"ಇಟ್ಟಂಗಿ ಎಲ್ಲೈತ್ರಿ?" ಎಂದಳು ಹೆಂಡತಿ.

ನಾನು ವಾಯರಿನ ದಾರ ಬಿಚ್ಚಿದೆ. ಕೋಲಿಯಲ್ಲಿದ್ದ ಆ ಎರಡು ಗೋಣಿಚೀಲ ಬಿಡಿಭಾಗ ಎಲ್ಲಿ ಹೋದವು ಎಂದು ನಾವು ಯಾರೂ ಕೇಳಿರಲಿಲ್ಲ. ಇಟ್ಟಂಗಿ ಡಬ್ಬಿ ಎಂದು ನಾವು ನಗುತ್ತಾ ಕೊಟ್ಟು ತೆಗೆದುಕೊಂಡವುಗಳಲ್ಲಿ ಇನ್ನೆಷ್ಟರಲ್ಲಿ ಬಸ್ಸು ನಿಂತಿದೆಯೋ.

ಒಳಕೋಣೆಯ ಹಳೆಯ ಟೀವಿಯ ಮೇಲಿದ್ದ ಉಪ್ಪಿನಕಾಯಿ ಭರಣಿಗಳನ್ನು ಇಳಿಸಿ ವಾಯರು ಚುಚ್ಚಿದೆ. ಬಸ್ಸು ಸ್ಟ್ಯಾಂಡಿನಲ್ಲಿ ನಿಂತಿತ್ತು, ಹಣೆಯ ಮೇಲೆ ಟಿ.ಜಿ. ಎಂದು ಬರೆದುಕೊಂಡು. ಈಚೆಗೆ ಸರ್ಕಾರ ಟಿ.ಎಸ್. ತೆಗೆದು ಮತ್ತೆ ಟಿ.ಜಿ. ಮಾಡಿದೆಯಲ್ಲ, ಇಷ್ಟು ವರ್ಷ ತಪ್ಪಾಗಿದ್ದ ಬಸ್ಸು ಡಬ್ಬಿಯೊಳಗೆ ಕೂತಲ್ಲೇ ಸರಿಯಾಗಿತ್ತು. ಹೊರಟೆ. ಮಕ್ತಲಿನ ಆಚೆ ರಸ್ತೆ ತಡೆ. ನಾನು ಆಟದ ನಿಯಮ ಮರೆತು ಗುಂಡಿ ಒತ್ತುತ್ತಲೇ ಇದ್ದೆ. ಹೆಂಡತಿ ಸ್ವಲ್ಪ ಹೊತ್ತು ನೋಡಿದಳು. "ಕೆಳಗಿಡ್ರಿ ಅದನ್ನ. ಅವರು ಉಣ್ಣಾಕತ್ಯಾರ, ನಾವೂ ಉಣ್ಣೂಣು ಬರ್ರಿ" ಎಂದಳು. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ರೊಟ್ಟಿ ತಿಂದು ಬಂದಾಗ ದಾರಿ ಬಿಟ್ಟಿತ್ತು. ಅಣೆಕಟ್ಟಿನ ಮೇಲೆ ಅವಳೇ ನಡೆಸಿದಳು, ನನಗೆ ಕೊಡಲಿಲ್ಲ.

ಸಂಜೆಯ ಹೊತ್ತಿಗೆ ಗದ್ವಾಲ ಬಂತು. ಟೀವಿ ಒಮ್ಮೆಲೇ ಕಪ್ಪಾಯಿತು. ಹಳೆಯ ರೂಢಿಯಿಂದ ಕರೆಂಟು ಹೋಯಿತು ಅಂದುಕೊಂಡೆ. ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು. ಆಮೇಲೆ ನಿಧಾನವಾಗಿ ಒಂದು ಕೋಲಿ ಮೂಡಿತು. ಹಾಸಿದ ಗಾದಿ, ಗಾದಿಯ ಮುಂದೆ ಎರಡು ಗ್ಲಾಸು ಚಹಾ. ಚೌಕ ಚೌಕ ಚುಕ್ಕಿಗಳ ಒಬ್ಬ ಸಣ್ಣ ಮನುಷ್ಯ, ಹಣೆಯ ಮೇಲೆ ಮೂರು ಬಿಳಿ ಗೆರೆ. ಅವನು ಕೈಮುಗಿದ. ಕೆಳಗೆ ಕನ್ನಡದಲ್ಲಿ ಅಕ್ಷರಗಳು ಬಂದವು, ಅದರ ಕೆಳಗೆ ತೆಲುಗಿನಲ್ಲೂ: ಮುಟ್ಟಿದ್ರೇನ್ರಿ? ಬರ್ರಿ, ಕೂಡ್ರಿ.

"ಮುಟ್ಟಿದ್ವಿರಿ ಸಾವ್ಕಾರ್ರೇ" ಎಂದೆ ಟೀವಿಗೆ, ಬಾಯಿ ಬಿಟ್ಟು. ಹೆಂಡತಿ ನಗಲಿಲ್ಲ. ಎದ್ದು ಹೋಗಿ ಚಹಾ ಮಾಡಿಕೊಂಡು ಬಂದಳು. ಇಬ್ಬರೂ ಅವರ ಎದುರಿಗೆ ಕೂತು ಕುಡಿದೆವು. ಅವರು ಕೈಮುಗಿಯುವುದು, ಇಳಿಸುವುದು, ಮತ್ತೆ ಮುಗಿಯುವುದು ಮಾಡುತ್ತಲೇ ಇದ್ದರು. ಆ ಕಾಲದಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಕರೆಂಟು ತಾನಾಗಿಯೇ ಹೋಗಿರುತ್ತಿತ್ತು. ಈಗ ಹೋಗುವುದಿಲ್ಲ. ನಾನೇ ಎದ್ದು ನನ್ನ ಕೈಯಿಂದಲೇ ಆರಿಸಬೇಕಾಯಿತು.